ಹೀಟರ್ ಬೆಚ್ಚಗಾಗಲ್ಲ, ಘಾಟಿಯಲ್ಲಿ ಇಂಜಿನ್ ಕುದಿಯುತ್ತೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಾನು ಮಡಿಕೇರಿಯವನು. ಮೂರು ತಿಂಗಳ ಹಿಂದೆ 2014ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಬೆಳಿಗ್ಗೆ ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ ಬರುತ್ತೆ, ಅಷ್ಟೇ. ಮಂಗಳೂರಲ್ಲಿ ಎಸಿ ಚೆನ್ನಾಗಿಯೇ ಇರುತ್ತೆ. ವಾಪಸ್ ಬರುವಾಗ ಸಂಪಾಜೆ ದಾಟಿ ಘಾಟಿ ಹತ್ತೋಕೆ ಶುರು ಮಾಡಿದ ಮೇಲೆ ಎಸಿಯಲ್ಲಿ ಬಿಸಿಗಾಳಿ ಬರುತ್ತೆ, ಟೆಂಪರೇಚರ್ ಮುಳ್ಳೂ ಮೇಲೇರುತ್ತೆ. ಒಬ್ಬ ಮೆಕ್ಯಾನಿಕ್ ಎಸಿ ಗ್ಯಾಸ್ ಹಾಕಿದರು, ಏನೂ ಪ್ರಯೋಜನ ಆಗಲಿಲ್ಲ. ಇನ್ನೊಬ್ಬರು ಎಸಿ ಗ್ಯಾಸ್ ಒತ್ತುವ ಕಂಪ್ರೆಸರ್ ಹೋಗಿದೆ ಅಂತಾರೆ. ಹೀಟರ್‌ದು ಬೇರೆ ಕೆಲಸವಂತೆ. ಬಾಟಲಿಗೆ ಆಗಾಗ ಸ್ವಲ್ಪ ನೀರು ಹಾಕ್ತಾ ಇರ್ತೀನಿ. ಯಾವುದನ್ನ ಮೊದಲು ಮಾಡಿಸಲಿ?

ಉತ್ತರ: ಕಂಪ್ರೆಸರ್ ಸದ್ಯಕ್ಕೆ ಮುಟ್ಟಿಸಬೇಡಿ. ಗ್ಯಾಸ್ ಕೂಡ ಬೇಡ. ನೀವು ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟ ಮಾತೇ ಇಲ್ಲಿ ಮುಖ್ಯ: ಬಾಟಲಿಗೆ ಆಗಾಗ ನೀರು. ಕೂಲೆಂಟ್ ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಆ ಬಾಟಲಿಯಲ್ಲಿ ಇರಬೇಕಾದ್ದು ಅದೇ. ಅದು ಓಡಾಡುವುದು ಮುಚ್ಚಿದ ದಾರಿಯಲ್ಲಿ. ಸರಿಯಿರುವ ಕಾರಿಗೆ ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ವರೆಗೆ ಹನಿ ನೀರೂ ಬೇಕಾಗುವುದಿಲ್ಲ. ಆಗಾಗ ಹಾಕಬೇಕು ಅಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಇಂಜಿನ್ ಒಳಗೇ ಸುಟ್ಟು ಹೋಗುತ್ತಿದೆ.

ಹೀಟರ್, ಇಂಜಿನ್ ಹೀಟ್, ಎಸಿ ಅಂತ ಮೂರು ತೊಂದರೆ ಬರೆದಿದ್ದೀರಿ. ನನಗೆ ಇದು ಒಂದೇ ತೊಂದರೆಯ ಮೂರು ಮುಖದ ಹಾಗೆ ಕಾಣುತ್ತಿದೆ. ಯಾಕೆ ಅಂತ ಹೇಳುತ್ತೇನೆ.

ಪೆಟ್ರೋಲ್ ಉರಿದು ಬರುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಕೂಲೆಂಟ್ ಹೊತ್ತು ರೇಡಿಯೇಟರ್‌ಗೆ ತರುತ್ತದೆ. ಇದೇ ಕೂಲೆಂಟ್‌ನ ಒಂದು ಕವಲು ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ಗೂ ಹೋಗುತ್ತದೆ. ಅದೇ ಹೀಟರ್ ಕೋರ್. ಹೀಟರ್‌ಗೆ ಬೇರೆ ಒಲೆ ಏನೂ ಇಲ್ಲ, ಇಂಜಿನ್‌ನ ಬಿಸಿ ನೀರೇ ಗತಿ. ಹೀಟರ್ ಕೋರ್ ಸಾಮಾನ್ಯವಾಗಿ ಎತ್ತರದಲ್ಲಿರುತ್ತದೆ. ಹಾಗಾಗಿ ಕೂಲೆಂಟ್ ಕಡಿಮೆಯಾದರೆ ಮೊದಲು ಗಾಳಿ ತುಂಬಿಕೊಳ್ಳುವುದು ಅಲ್ಲೇ. ಮುಳ್ಳು ಇನ್ನೂ ಮಧ್ಯದಲ್ಲೇ ಇರುವಾಗ ಹೀಟರ್ ತಣ್ಣಗಾಗಿ ಸೂಚನೆ ಕೊಟ್ಟಿರುತ್ತದೆ. ಬಯಲುಸೀಮೆಯವರಿಗೆ ಇದು ಗೊತ್ತೇ ಆಗಲ್ಲ, ಅವರು ಹೀಟರ್ ಹಾಕಿದರೆ ತಾನೇ!

ಇನ್ನು ಎಸಿ. ಇಂಜಿನ್ ಅತಿಯಾಗಿ ಬಿಸಿಯಾದಾಗ ಹೊರೆ ಇಳಿಸಲು ಇಂಜಿನ್‌ನ ಕಂಪ್ಯೂಟರ್ ತಾನೇ ಕಂಪ್ರೆಸರ್ ನಿಲ್ಲಿಸುತ್ತದೆ. ಘಾಟಿಯ ಕೆಳಗಿನ ಸುಳ್ಯದಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರಬೇಕು. ಎರಡನೇ ಗೇರ್, ಜಾಸ್ತಿ ಆಕ್ಸಿಲರೇಟರ್, ಕಡಿಮೆ ವೇಗ. ಶಾಖ ಹೆಚ್ಚು, ಎದುರುಗಾಳಿ ಕಡಿಮೆ. ಮಂಗಳೂರಿನ ಸೆಖೆಯಲ್ಲಿ ತಣ್ಣಗೆ ಕೊಟ್ಟ ಕಂಪ್ರೆಸರ್ ಸಂಪಾಜೆಯಲ್ಲಿ ಕೆಟ್ಟು ಮರುದಿನ ತಾನೇ ರಿಪೇರಿಯಾಗುತ್ತದಾ? ಮುಂದಿನ ಸಲ ಗಮನಿಸಿ. ಮುಳ್ಳು ಏರಿದ ಮೇಲೆ ಎಸಿ ನಿಂತು, ಮುಳ್ಳು ಇಳಿದ ಮೇಲೆ ಮತ್ತೆ ತಣ್ಣಗಾದರೆ ಕಂಪ್ರೆಸರ್ ಸರಿಯೇ ಇದೆ, ಕಂಪ್ಯೂಟರ್ ಹೇಳಿದ ಮಾತು ಕೇಳುತ್ತಿದೆ ಅಂತಲೇ ಲೆಕ್ಕ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ ಹಲವು ಸಣ್ಣ ಕಾರುಗಳಲ್ಲಿ ಎಸಿ ಕಟ್ ಆಗುತ್ತದೆ, ಆದರೆ ಅದು ಕೆಲವೇ ಸೆಕೆಂಡಿನ ಮಾತು.

ಈಗ ಪರೀಕ್ಷೆ. ಹೆಚ್ಚಿನದನ್ನು ನೀವೇ ಮನೆ ಅಂಗಳದಲ್ಲಿ ಮಾಡಬಹುದು, ದುಡ್ಡೂ ಬೇಕಿಲ್ಲ.

ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ಬೆಳಿಗ್ಗೆ ತೆಗೆಯಿರಿ. ರೇಡಿಯೇಟರ್ ಮೇಲೆಯೇ ಮುಚ್ಚಳ ಇದ್ದರೆ ಅದನ್ನು ತೆಗೆದು ಒಳಗೆ ನೋಡಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ, ಇದರಲ್ಲಿ ಆಟ ಬೇಡ. ಕೂಲೆಂಟ್ ಬಾಯಿವರೆಗೆ ಇರಬೇಕು. ಬಾಟಲಿಯಲ್ಲಿ ‘ಫುಲ್’ ಗೆರೆಯವರೆಗೆ ಇದ್ದು ರೇಡಿಯೇಟರ್ ಒಳಗೆ ಖಾಲಿ ಇರುವುದು ತುಂಬಾ ಸಾಮಾನ್ಯ. ಬಿಸಿಯಾದಾಗ ಹಿಗ್ಗಿದ ಕೂಲೆಂಟ್ ಬಾಟಲಿಗೆ ಹೋಗಿ, ತಣ್ಣಗಾದಾಗ ವಾಪಸ್ ಎಳೆದುಕೊಳ್ಳಬೇಕು. ಮುಚ್ಚಳದ ರಬ್ಬರ್ ಸವೆದಿದ್ದರೆ, ಬಾಟಲಿಯ ಪೈಪ್ ಬಿರುಕು ಬಿಟ್ಟಿದ್ದರೆ ಅದು ವಾಪಸ್ ಬರುವುದಿಲ್ಲ. ನೀವು ಬಾಟಲಿ ನೋಡಿ ನೆಮ್ಮದಿಯಾಗಿರುತ್ತೀರಿ, ಇಂಜಿನ್ ಬಾಯಾರಿಕೊಂಡಿರುತ್ತದೆ. ಕೆಲವು ಕಾರುಗಳಲ್ಲಿ ರೇಡಿಯೇಟರ್‌ಗೆ ಮುಚ್ಚಳವೇ ಇಲ್ಲ, ಬಾಟಲಿಯ ಮುಚ್ಚಳವೇ ಒತ್ತಡ ಹಿಡಿಯುತ್ತದೆ. ಅಂಥದ್ದಾದರೆ ಬಾಟಲಿಯ ಮಟ್ಟವೇ ನಿಜ.

ಈ ಮುಚ್ಚಳದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ನಿಮ್ಮೂರಿಗೆ ಅದು ಬೇರೆಯವರಿಗಿಂತ ಮುಖ್ಯ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ. ಒಳಗೆ ಅಷ್ಟು ಬಾರ್ ಒತ್ತಡ ಹಿಡಿದಿಡುತ್ತದೆ ಅಂತ ಅರ್ಥ. ಒತ್ತಡ ಹೆಚ್ಚಾದರೆ ನೀರು ಕುದಿಯುವ ಬಿಸಿಯೂ ಹೆಚ್ಚುತ್ತದೆ. ಮುಚ್ಚಳ ಸರಿ ಇದ್ದರೆ ಬರೀ ನೀರು ಕೂಡ 115 ಡಿಗ್ರಿ ಹತ್ತಿರದವರೆಗೆ ಕುದಿಯಲ್ಲ, ಅರ್ಧಕ್ಕರ್ಧ ಕೂಲೆಂಟ್ ಇದ್ದರೆ 120 ದಾಟುತ್ತದೆ. ಆದರೆ ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲೆ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾಗುವುದೇ ಹೆಚ್ಚೂಕಡಿಮೆ 95–98 ಡಿಗ್ರಿಗೆ. ಅಂದರೆ ಮುಚ್ಚಳ ಲೂಸ್ ಇದ್ದು, ಒಳಗೆ ಬರೀ ನೀರಿದ್ದರೆ, ಬೇರೇನೂ ಕೆಡದೆಯೇ ಘಾಟಿಯ ತುದಿಯಲ್ಲಿ ಕುದಿ ಬರಬಹುದು. ನೀವು ತಿಂಗಳುಗಟ್ಟಲೆ ನೀರು ಹಾಕಿ ಹಾಕಿ ಕೂಲೆಂಟ್ ತೆಳುವಾಗಿದೆ, ಅದೂ ಸೇರಿಸಿಕೊಳ್ಳಿ. ಮುಚ್ಚಳಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಹಳೆ ಕಾರು ತಗೊಂಡವರು ಕಣ್ಣು ಮುಚ್ಚಿ ಮೊದಲು ಬದಲಾಯಿಸಬೇಕಾದ ಸಾಮಾನು ಇದು, ಆದರೆ ಅದೇ ನಂಬರಿನದು ಬೇಕು.

ರೇಡಿಯೇಟರ್ ಒಳಗಿನ ಬಣ್ಣವನ್ನೂ ನೋಡಿ. ಹಸಿರು, ಕೆಂಪು, ಗುಲಾಬಿ ಯಾವುದಾದರೂ ಸರಿ, ತಿಳಿಯಾಗಿರಬೇಕು. ತುಕ್ಕಿನ ಕಂದು ಬಣ್ಣ ಇದ್ದರೆ ಯಾರೋ ವರ್ಷಗಟ್ಟಲೆ ಬರೀ ನೀರು ಹಾಕಿ ಓಡಿಸಿದ್ದಾರೆ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ, ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹಳದಿ ಗಸಿ ಕಂಡರೆ ಅರಿಶಿನ ಇರಬಹುದು. ನಗಬೇಡಿ. ಸಣ್ಣ ಲೀಕ್ ನಿಲ್ಲಿಸಲು ರೇಡಿಯೇಟರ್‌ಗೆ ಅರಿಶಿನ ಪುಡಿ ಸುರಿಯುವುದು ಹಳೆ ಡ್ರೈವರ್‌ಗಳ ಉಪಾಯ. ದಾರಿ ಮಧ್ಯೆ ಕೈಕೊಟ್ಟಾಗ ಊರು ಸೇರಲು ಸರಿ, ಮಾರುವ ಮುಂಚೆ ಲೀಕ್ ಮುಚ್ಚಿಡಲೂ ಅಷ್ಟೇ ಸರಿ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ದ್ರವದ ಕಥೆಯೂ ಇದೇ. ಇವೆಲ್ಲ ಹೋಗಿ ಕೂರುವುದು ಹೀಟರ್ ಕೋರ್‌ನಲ್ಲಿ, ಏಕೆಂದರೆ ಅದರ ಕೊಳವೆಗಳು ಬಲು ಸಣ್ಣ.

ಮೇಲೆ ಎಣ್ಣೆಯ ಜಿಡ್ಡು ತೇಲುತ್ತಿದ್ದರೆ ಅಲ್ಲೇ ನಿಲ್ಲಿಸಿ ಗ್ಯಾರೇಜಿಗೆ ಫೋನ್ ಮಾಡಿ. ಉಳಿದ ಪರೀಕ್ಷೆ ಬೇಡ.

ಮಟ್ಟ ಸರಿ ಮಾಡಿ, ಮುಚ್ಚಳ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿ. ಇನ್ನು ಕೈಯೇ ಮೀಟರ್. ಇಂಜಿನ್‌ನಿಂದ ರೇಡಿಯೇಟರ್ ಮೇಲ್ಭಾಗಕ್ಕೆ ಹೋಗುವ ದಪ್ಪ ಹೋಸನ್ನು ಆಗಾಗ ಮುಟ್ಟಿ ನೋಡಿ. ಬೆಲ್ಟ್‌ನಿಂದ, ಫ್ಯಾನ್‌ನಿಂದ ಬೆರಳು ದೂರ ಇರಲಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ನ ದಾರಿ ಮುಚ್ಚಿಡುವ ಥರ್ಮೋಸ್ಟ್ಯಾಟ್ ಅನ್ನುವ ವಾಲ್ವ್ ಸರಿಯಿದ್ದರೆ ಮೊದಲ ಕೆಲವು ನಿಮಿಷ ಈ ಹೋಸ್ ತಣ್ಣಗೇ ಇರುತ್ತದೆ. ಕೂಲೆಂಟ್ 82–88 ಡಿಗ್ರಿ ಮುಟ್ಟಿದಾಗ ವಾಲ್ವ್ ತೆರೆದು ಹೋಸ್ ಒಮ್ಮೆಲೇ ಬಿಸಿಯಾಗುತ್ತದೆ. ಸ್ಟಾರ್ಟ್ ಮಾಡಿದಾಗಿಂದ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ವಾಲ್ವೇ ಇಲ್ಲ.

‘ಇಲ್ಲ’ ಅನ್ನುವುದು ತಮಾಷೆಯಲ್ಲ. ನಮ್ಮ ಕಡೆ ಕಾರು ಹೀಟ್ ಆಗುತ್ತೆ ಅಂದರೆ ಮೊದಲು ವಾಲ್ವ್ ಕಿತ್ತು ಎಸೆಯುವ ಗ್ಯಾರೇಜುಗಳು ಬೇಕಾದಷ್ಟಿವೆ. ನಮ್ಮ ಹವೆಗೆ ಅದು ಬೇಕಿಲ್ಲ ಅಂತ ಸಮಜಾಯಿಷಿ. ನನ್ನ ಪ್ರಕಾರ ಇದು ಶುದ್ಧ ಸೋಮಾರಿತನ. ವಾಲ್ವ್ ಇಲ್ಲದ ಇಂಜಿನ್ ತಂಪು ಹವೆಯಲ್ಲಿ ಸರಿಯಾಗಿ ಬಿಸಿಯೇರದೆ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಹೀಟರ್ ಉಗುರುಬೆಚ್ಚಗೇ ಉಳಿಯುತ್ತದೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವ್ ಕಿತ್ತರೆ ಅಡ್ಡದಾರಿ ಸದಾ ತೆರೆದಿರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಹಾಗೇ ಇಂಜಿನ್‌ಗೆ ವಾಪಸ್. ಮಡಿಕೇರಿಯ ಬೆಳಿಗ್ಗೆ ತಣ್ಣಗೆ, ಸಂಪಾಜೆಯ ಏರಿನಲ್ಲಿ ಬಿಸಿ ಎಂಬ ನಿಮ್ಮ ಒಗಟಿಗೆ ಇದೂ ಒಂದು ಉತ್ತರ ಆಗಬಹುದು.

ಆಮೇಲೆ ಹೀಟರ್ ಹೋಸ್‌ಗಳು. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೀಟರ್ ಗುಂಡಿಯನ್ನು ಕೆಂಪು ತುದಿಗೆ ತಿರುಗಿಸಿ, ಬ್ಲೋವರ್ ಮಧ್ಯದ ಸ್ಪೀಡಿನಲ್ಲಿಡಿ. ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯೊಳಗೆ ಎರಡು ಸಣ್ಣ ಹೋಸ್ ಹೋಗುತ್ತವೆ, ಅವನ್ನು ಮುಟ್ಟಿ. ಎರಡೂ ಬಿಸಿಯಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಕೂಲೆಂಟ್ ದಾರಿ ಸರಿ ಇದೆ, ಡ್ಯಾಶ್‌ಬೋರ್ಡ್ ಒಳಗಿನ ಗಾಳಿ ತಿರುಗಿಸುವ ತಗಡು ಸಿಕ್ಕಿಕೊಂಡಿದೆ ಅಥವಾ ಅದರ ಕೇಬಲ್ ಕಳಚಿದೆ. ಒಂದು ಸುಡುತ್ತಿದ್ದು ಇನ್ನೊಂದು ಬರೀ ಬೆಚ್ಚಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದರೆ ಅಲ್ಲಿಗೆ ಬಿಸಿ ನೀರು ತಲುಪುತ್ತಲೇ ಇಲ್ಲ: ಕೂಲೆಂಟ್ ಕಡಿಮೆ, ಗಾಳಿ ಸಿಕ್ಕಿಕೊಂಡಿದೆ ಅಥವಾ ವಾಟರ್ ಪಂಪ್ ತಳ್ಳುತ್ತಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಬೆಚ್ಚಗಾಗಿ, ಬಿಟ್ಟಾಗ ತಣ್ಣಗಾಗುತ್ತಾ? ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುತ್ತಾ? ಹಾಗಿದ್ದರೆ ಗಾಳಿ ಇರುವುದು ಹೆಚ್ಚು ಕಡಿಮೆ ಖಚಿತ. ಅಪರೂಪಕ್ಕೆ, ಕೋರ್ ಸೋರಿದ ಕಾರಿನಲ್ಲಿ ಈ ಎರಡು ಹೋಸನ್ನು ಒಂದಕ್ಕೊಂದು ಜೋಡಿಸಿ ಹೀಟರನ್ನೇ ತಪ್ಪಿಸಿರುತ್ತಾರೆ. ಬೆಂಗಳೂರಿನಿಂದ ಬಂದ ಕಾರಾದರೆ ಹಿಂದಿನ ಮಾಲೀಕರಿಗೆ ಗೊತ್ತೂ ಇರಲಿಕ್ಕಿಲ್ಲ.

ಫ್ಯಾನ್ ಪರೀಕ್ಷೆ ಸುಲಭ. ಎಸಿ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಮುಂದಿನ ಫ್ಯಾನ್ ತಿರುಗಬೇಕು. ಎಸಿ ಆಫ್ ಮಾಡಿ ನಿಂತಲ್ಲೇ ಇಂಜಿನ್ ಓಡಲು ಬಿಟ್ಟರೂ ಬಿಸಿಯೇರಿದಾಗ ತಾನೇ ತಿರುಗಿ, ಆಮೇಲೆ ನಿಲ್ಲಬೇಕು. ಕೀ ತಿರುಗಿಸಿದ ಕೂಡಲೇ ಫ್ಯಾನ್ ಶುರುವಾಗಿ ನಿಲ್ಲದೇ ತಿರುಗುತ್ತಿದ್ದರೆ ಬಹುಶಃ ಯಾರೋ ‘ಡೈರೆಕ್ಟ್’ ಮಾಡಿದ್ದಾರೆ, ಅಂದರೆ ಸೆನ್ಸರ್ ತಪ್ಪಿಸಿ ಫ್ಯಾನ್‌ಗೆ ನೇರ ಕರೆಂಟ್ ಕೊಟ್ಟು ಹಳೆಯ ತೊಂದರೆಯೊಂದನ್ನು ಮುಚ್ಚಿಟ್ಟಿದ್ದಾರೆ. ಟ್ರಾಫಿಕ್ಕಿನಲ್ಲಿ ಹೀಟ್ ಆಗಿ ಹೈವೇಯಲ್ಲಿ ಸರಿಹೋದರೆ ಅನುಮಾನ ಫ್ಯಾನ್ ಮೇಲೆ. ನಿಮ್ಮದು ಮಂಗಳೂರಿನ ಟ್ರಾಫಿಕ್ಕಿನಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಹೀಟ್ ಆಗುತ್ತದೆ. ಹಾಗಾಗಿ ನನಗೆ ಕೂಲೆಂಟ್‌ನ ಮಟ್ಟ ಮತ್ತು ಹರಿವಿನ ಮೇಲೆಯೇ ಜಾಸ್ತಿ ಅನುಮಾನ.

ಮುಳ್ಳನ್ನು ಪೂರ್ತಿ ನಂಬಬೇಡಿ. ಹಲವು ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿವರೆಗೆ ಅದು ಮಧ್ಯದಲ್ಲೇ ಕೂತಿರುವಂತೆ ಮಾಡಿರುತ್ತಾರೆ, ಓಡಿಸುವವರು ಗಾಬರಿಯಾಗಬಾರದು ಅಂತ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ, ಇಂಜಿನ್‌ನ ಕಂಪ್ಯೂಟರ್ ಓದುವ ನಿಜವಾದ ಡಿಗ್ರಿಯನ್ನು ಮೊಬೈಲಿನಲ್ಲಿ ನೋಡುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಕಡಿಮೆ ಬೆಲೆಗೇ ಸಿಗುತ್ತದೆ. ಹಳೆ ಕಾರು ಇರುವವರು ಇಟ್ಟುಕೊಳ್ಳಬೇಕಾದ ವಸ್ತು. ಅರ್ಧ ಗಂಟೆ ಓಡಿಸಿದರೂ ಕೂಲೆಂಟ್ 65–70 ಡಿಗ್ರಿಯಲ್ಲೇ ಇದ್ದರೆ ವಾಲ್ವ್ ತೆರೆದಿದೆ. 85ರಿಂದ 100ರ ನಡುವೆ ಆಡುತ್ತಿದ್ದರೆ ಆರೋಗ್ಯ. 110 ದಾಟಿದರೆ ಗಾಡಿ ಬದಿಗೆ. ಇನ್ನೊಂದು ಮೋಸ ಇದೆ. ಕೂಲೆಂಟ್ ಪೂರ್ತಿ ಸೋರಿ ಸೆನ್ಸರ್ ಬರೀ ಗಾಳಿಯಲ್ಲಿದ್ದರೆ ಮುಳ್ಳು ಕೆಳಗಿಳಿಯಲೂಬಹುದು. ಏರುತ್ತಿದ್ದ ಮುಳ್ಳು ಘಾಟಿ ಮಧ್ಯೆ ಕಾರಣವಿಲ್ಲದೆ ತಟ್ಟನೆ ಬಿದ್ದರೆ ಖುಷಿಪಡಬೇಡಿ, ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ.

ಇಷ್ಟು ನೋಡಿದ ಮೇಲೆ ಗ್ಯಾರೇಜು. ಅಲ್ಲಿ ಎರಡು ಪರೀಕ್ಷೆಯನ್ನು ಹೆಸರು ಹೇಳಿ ಕೇಳಿ. ಒಂದು, ಕೂಲಿಂಗ್ ಸಿಸ್ಟಮ್ ಪ್ರೆಷರ್ ಟೆಸ್ಟ್. ತಣ್ಣಗಿನ ಇಂಜಿನ್‌ಗೆ ಕೈಪಂಪಿನಿಂದ ಮುಚ್ಚಳದ ಮೇಲಿನ ನಂಬರಿನಷ್ಟೇ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಮೀಟರ್ ಇಳಿದರೆ ಲೀಕ್ ಇದೆ. ಹೋಸ್ ಕ್ಲಿಪ್‌ಗಳು, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಮ್‌ಗೆ ಸೇರುವ ಅಂಚು, ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಇವು ಸಾಮಾನ್ಯ ಜಾಗಗಳು. ಒಣಗಿದ ಬಿಳಿ ಅಥವಾ ಬಣ್ಣದ ಕಲೆಯೇ ದಾರಿ ತೋರಿಸುತ್ತದೆ. ಹೊರಗೆ ಎಲ್ಲೂ ಹನಿ ಇಲ್ಲ, ಮೀಟರ್ ಮಾತ್ರ ಇಳಿಯುತ್ತಿದೆ ಅಂದರೆ ಹೀಟರ್ ಕೋರ್ ಅಥವಾ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಸೀಲ್.

ಎರಡನೆಯದು ಹೆಡ್ ಗ್ಯಾಸ್ಕೆಟ್‌ಗೆ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ಒಳಗಿನ ಗಾಳಿ ಎಳೆಯುತ್ತಾರೆ, ಸಿಲಿಂಡರಿನ ಹೊಗೆ ಸೇರಿದ್ದರೆ ದ್ರವ ಹಳದಿಯಾಗುತ್ತದೆ. ಈ ಪರೀಕ್ಷೆ ಮಾಡದೆ ಹೆಡ್ ಬಿಚ್ಚಲು ಒಪ್ಪಬೇಡಿ, ಅದು ಹತ್ತಾರು ಸಾವಿರದ ಕೆಲಸ. ಮನೆಯಲ್ಲೂ ಸುಳಿವು ಸಿಗುತ್ತದೆ: ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ಇಂಜಿನ್ ಇನ್ನೂ ತಣ್ಣಗಿರುವಾಗಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅನುಮಾನ ಪಡಿ. ಸೈಲೆನ್ಸರ್‌ನ ಬಿಳಿ ಹೊಗೆ ನೋಡಿ ಮಾತ್ರ ಹೆದರಬೇಡಿ. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ಎಲ್ಲ ಕಾರೂ ಬಿಳಿ ಹೊಗೆ ಬಿಡುತ್ತವೆ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಅದು ಬೇರೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಲೇಪ ಕಂಡ ಮಾತ್ರಕ್ಕೂ ಹೆದರಬೇಡಿ. ಮಳೆಗಾಲದಲ್ಲಿ ಬರೀ ಪೇಟೆಗೆ ಹೋಗಿ ಬರುವ ಕಾರಿನಲ್ಲಿ ಇಬ್ಬನಿ ಕೂತು ಹಾಗಾಗುತ್ತದೆ. ಡಿಪ್‌ಸ್ಟಿಕ್‌ನ ಆಯಿಲ್ ಕೂಡ ಹಾಲು ಬೆರೆಸಿದಂತೆ ಇದ್ದರೆ ಆಗ ಚಿಂತೆ.

ಹೋದ ಕಡೆ ಇನ್ನೊಂದು ಕೆಲಸ ಮಾಡಿಸಿಬಿಡಿ. ಎಸಿಯ ಬಿಸಿ ಹೊರಹಾಕುವ ಜಾಲರಿ, ಅಂದರೆ ಕಂಡೆನ್ಸರ್, ರೇಡಿಯೇಟರ್ ಮುಂದೆ ನಿಂತಿರುತ್ತದೆ. ಎರಡರ ನಡುವಿನ ಸಂದಿಯಲ್ಲಿ ಧೂಳು, ಹುಳ, ತರಗೆಲೆ ಸೇರಿ ಕಂಬಳಿ ಹೊದಿಸಿದ ಹಾಗಾಗಿರುತ್ತದೆ. ಮುಂದಿನಿಂದ ನೋಡಿದರೆ ಕಾಣಿಸುವುದೇ ಇಲ್ಲ. ಬಿಚ್ಚಿ ಹಿಂದಿನಿಂದ ಮುಂದಕ್ಕೆ ಕಡಿಮೆ ಒತ್ತಡದ ನೀರಿನಲ್ಲಿ ತೊಳೆಸಿ. ಜೋರು ನೀರು ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಂಡು ಇರುವ ಗಾಳಿಯೂ ನಿಲ್ಲುತ್ತದೆ.

ಲೀಕ್ ಸಿಕ್ಕಿ ಸರಿಯಾದ ಮೇಲೆ ಹಳೆಯದನ್ನು ಪೂರ್ತಿ ಬಸಿದು, ಫ್ಲಷ್ ಮಾಡಿಸಿ, ನಿಮ್ಮ ಕಾರಿನ ಪುಸ್ತಕದಲ್ಲಿ ಹೇಳಿದ ಬಗೆಯ ಕೂಲೆಂಟ್ ತುಂಬಿಸಿ. ಬಣ್ಣ ನೋಡಿ ಆರಿಸಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿ ಬರುತ್ತವೆ. ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ, ರೆಡಿಮಿಕ್ಸ್ ಆದರೆ ಹಾಗೇ. ನಮ್ಮಲ್ಲಿ ನೀರು ಹೆಪ್ಪುಗಟ್ಟಲ್ಲ ತಾನೇ, ಕೂಲೆಂಟ್ ಯಾಕೆ ಅನ್ನುತ್ತಾರೆ. ತುಕ್ಕು ತಡೆಯಲು, ಕುದಿ ತಡೆಯಲು ಅದು ಬೇಕೇ ಬೇಕು. ಥರ್ಮೋಸ್ಟ್ಯಾಟ್ ಇಲ್ಲದಿದ್ದರೆ ಈಗಲೇ ಹೊಸದು ಹಾಕಿಸಿ. ತುಂಬಿದ ಮೇಲೆ ಗಾಳಿ ತೆಗೆಯುವುದನ್ನು ಎದುರಿಗೆ ನಿಂತು ಮಾಡಿಸಿ: ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಇಂಜಿನ್ ಓಡಿಸಿ, ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಹೋಗಬೇಕು. ಮರುದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿ.

ಅಲ್ಲಿಯವರೆಗೆ ಘಾಟಿ ಹತ್ತದೇ ಇದ್ದರೆ ಒಳ್ಳೆಯದು. ಹತ್ತಲೇಬೇಕಾಗಿ ಬಂದು ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ಸ್ಪೀಡಿಗೆ ಹಾಕಿ. ಹೀಟರ್ ಆಗ ಎರಡನೇ ರೇಡಿಯೇಟರ್ ಆಗುತ್ತದೆ. ಬೆವರು ಇಳಿಯುತ್ತೆ, ಇಂಜಿನ್ ಉಳಿಯುತ್ತೆ. ಇಂಜಿನ್ ಅಷ್ಟು ಬಿಸಿಯಿದ್ದೂ ಹೀಟರ್‌ನಲ್ಲಿ ತಣ್ಣನೆ ಗಾಳಿ ಬಂದರೆ ಒಳಗೆ ಕೂಲೆಂಟ್ ಓಡಾಡುತ್ತಿಲ್ಲ, ತಕ್ಷಣ ಬದಿಗೆ ನಿಲ್ಲಿಸಿ ಆಫ್ ಮಾಡಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಸೊಟ್ಟಗಾಗಬಹುದು.

ಎಸಿ ವಿಚಾರ ಕೊನೆಗೆ, ಇಂಜಿನ್ ಸರಿಹೋದ ಮೇಲೆ. ಮೊದಲ ಮೆಕ್ಯಾನಿಕ್ ಇದ್ದ ಗ್ಯಾಸ್ ಹೊರತೆಗೆಯದೆ ಮೇಲಿಂದ ಹಾಕಿದ್ದರೆ ಈಗ ಅದು ಜಾಸ್ತಿಯಾಗಿರಬಹುದು. ಗ್ಯಾಸ್ ಜಾಸ್ತಿಯಾದರೆ ಒತ್ತಡ ಏರುತ್ತದೆ, ಕಂಪ್ರೆಸರ್ ತಳ್ಳಲು ಇಂಜಿನ್ ಇನ್ನಷ್ಟು ದುಡಿಯುತ್ತದೆ, ಕಂಡೆನ್ಸರ್‌ನ ಬಿಸಿಯೆಲ್ಲ ಹಿಂದಿನ ರೇಡಿಯೇಟರ್‌ಗೇ ಬಡಿಯುತ್ತದೆ. ಘಾಟಿಯಲ್ಲಿ ಹೀಟ್ ಆಗಲು ಅದೂ ಒಂದು ಕೈ ಸೇರಿಸುತ್ತದೆ. ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ನಿಮ್ಮ ಕಾರಿಗೆ ಎಷ್ಟು ಗ್ರಾಂ ಗ್ಯಾಸ್ ಅಂತ ಬರೆದಿರುತ್ತದೆ. ಮೆಷಿನ್ ಇರುವ ಕಡೆ ಪೂರ್ತಿ ತೆಗೆಸಿ, ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿಸಿ, ತೂಕ ಮಾಡಿ ಅಷ್ಟೇ ಹಾಕಿಸಿ. ಆಮೇಲೆ ಮೀಟರ್ ಇಟ್ಟು ನೋಡಲಿ. 30–35 ಡಿಗ್ರಿ ಹವೆಯಲ್ಲಿ ಆರ್134ಎ ಗ್ಯಾಸ್‌ಗೆ ಕಡಿಮೆ ಒತ್ತಡದ ಕಡೆ ಸುಮಾರು 2–3 ಬಾರ್, ಹೆಚ್ಚು ಒತ್ತಡದ ಕಡೆ 12–17 ಬಾರ್ ಇದ್ದರೆ ಕಂಪ್ರೆಸರ್ ಗಟ್ಟಿಮುಟ್ಟಾಗಿದೆ. ಕಡಿಮೆ ಇರಬೇಕಾದ ಕಡೆ ಜಾಸ್ತಿ, ಜಾಸ್ತಿ ಇರಬೇಕಾದ ಕಡೆ ಕಡಿಮೆ ತೋರಿಸಿದರೆ ಮಾತ್ರ ಎರಡನೇ ಮೆಕ್ಯಾನಿಕ್ ಮಾತು ನಿಜ. ತೂಕ ಮಾಡಿ ಹಾಕಿದ ಗ್ಯಾಸ್ ಕೆಲವೇ ತಿಂಗಳಲ್ಲಿ ಖಾಲಿಯಾದರೆ ಸೋರುವ ಜಾಗ ಹುಡುಕದೆ ಮತ್ತೆ ತುಂಬಿಸಬೇಡಿ. ಪೈಪ್ ಸೇರುವ ಕಡೆ ಎಣ್ಣೆ ಧೂಳು ಅಂಟಿದೆಯಾ ನೋಡಿದರೆ ಅರ್ಧ ಲೀಕ್‌ಗಳು ಅಲ್ಲೇ ಸಿಗುತ್ತವೆ.

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಮುಂದಿನ ಎಡಗಡೆ ಸೀಟಿನ ಕೆಳಗಿನ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಬರೀ ನೀರಿನ ಒದ್ದೆ ಇದ್ದರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿದೆ, ಊದಿ ಸರಿ ಮಾಡಿದರೆ ಆಯಿತು. ಅಂಟು ಅಂಟಾಗಿ, ಸಿಹಿ ವಾಸನೆ ಇದ್ದರೆ, ಹೀಟರ್ ಹಾಕಿದಾಗ ಮುಂದಿನ ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು ಕೂತರೆ, ನಿಮ್ಮ ಬಾಟಲಿಯ ನೀರು ಹೋಗುತ್ತಿದ್ದದ್ದು ಹೀಟರ್ ಕೋರ್ ಮೂಲಕ. ಡ್ಯಾಶ್‌ಬೋರ್ಡ್ ಬಿಚ್ಚುವ ದೊಡ್ಡ ಕೆಲಸ ಅದು. ಬಿಚ್ಚಿದಾಗ ಪಕ್ಕದಲ್ಲೇ ಎಸಿಯ ಕೂಲಿಂಗ್ ಕಾಯಿಲ್ ಇರುತ್ತದೆ, ಅದನ್ನೂ ಆಗಲೇ ಪರೀಕ್ಷೆ ಮಾಡಿಸಿದರೆ ಎರಡನೇ ಸಲದ ಬಿಚ್ಚುವ ಕೂಲಿ ಉಳಿಯುತ್ತದೆ.